ಅವ್ವ ಒಲೆಯ ಬದಿಗೆ ಇಟ್ಟ ಯೀಸ್ಟ್

೧೯೮೨ರ ಡಿಸೆಂಬರ್. ನಾನಾಗ ಧಾರವಾಡದಲ್ಲಿ ಯೀಸ್ಟ್ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ, ಕಣ್ಣಿಗೆ ಕಾಣದ ಜೀವಿ ಅದು. ಅದರೊಳಗೂ ನಮ್ಮೊಳಗಿನಂತೆಯೇ ಡಿಎನ್‌ಎ ಎಳೆ ಪ್ರೋಟೀನುಗಳಿಗೆ ಸುತ್ತಿಕೊಂಡಿರುತ್ತದೆ. ಇದಕ್ಕೆ ಕ್ರೊಮ್ಯಾಟಿನ್ ಎನ್ನುತ್ತಾರೆ. ಸುತ್ತು ಸಡಿಲವಾದ ಕಡೆ ಜೀನ್ ಕೆಲಸ ಮಾಡುತ್ತದೆ, ಬಿಗಿಯಾದ ಕಡೆ ಸುಮ್ಮನಿರುತ್ತದೆ. ಸುತ್ತು ಸಡಿಲಿಸುವ ಒಂದು ಜೀನ್ ಕೆಟ್ಟಿದ್ದ ಯೀಸ್ಟನ್ನು ಎರಡು ವರ್ಷ ಒದ್ದಾಡಿ ಹುಡುಕಿದ್ದೆ. ತಂಪಿನಲ್ಲಿ ಬದುಕುತ್ತಿತ್ತು, ಬಿಸಿ ತಾಗಿದರೆ ಸಾಯುತ್ತಿತ್ತು.

ರಜೆಯ ಹೊತ್ತಿಗೆ ಸರಿಯಾಗಿ ಲ್ಯಾಬಿನ ಫ್ರಿಜ್ ಕೆಟ್ಟಿತು. ಆ ಯೀಸ್ಟ್ ಇದ್ದ ಮೂರೇ ಮೂರು ಟ್ಯೂಬುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಳ್ಳಾರಿ ಬಸ್ಸು ಹತ್ತಿದೆ. ಅಲ್ಲಿಂದ ಸಿರುಗುಪ್ಪದ ನಮ್ಮ ಮನೆ. ತಂಪಾಗಿರಲೆಂದು ಟ್ಯೂಬುಗಳನ್ನು ನೀರಿನ ಗಡಿಗೆಯ ಬದಿಗೆ ಇಟ್ಟೆ.

"ಇದೇನವ್ವ?" ಅಂದಳು ಅವ್ವ.

"ಹಿಟ್ಟು ಉಬ್ಬಿಸೋದು" ಅಂದೆ. ಅಷ್ಟೇ ಹೇಳಿದ್ದು ನನ್ನ ತಪ್ಪು. ಮರುದಿನ ಗೆಳತಿಯ ಮದುವೆಗೆಂದು ಕುರುಗೋಡಿಗೆ ಹೋದೆ.

ಎರಡು ದಿನ ಬಿಟ್ಟು ಬಂದರೆ ಗಡಿಗೆಯ ಹತ್ತಿರ ಟ್ಯೂಬುಗಳಿಲ್ಲ!

"ಒಲಿ ಬಾಜೂಕ ಇಟ್ಟೀನಿ" ಅಂದಳು ಅವ್ವ, ಹೆಮ್ಮೆಯಿಂದ. "ಈ ಥಂಡ್ಯಾಗ ನನ್ನ ದ್ವಾಸಿ ಹಿಟ್ಟ ಉಬ್ಬವಲ್ದು, ನಿಂದೆಲ್ಲಿ ಉಬ್ಬತೈತಿ? ಮ್ಯಾಲೆ ಕೌದಿ ತುಂಡು ಹೊಚ್ಚೀನಿ ನೋಡು."

ಮುಟ್ಟಿ ನೋಡಿದೆ. ಜ್ವರ ಬಂದ ಮಗುವಿನ ಮೈಯಂತೆ ಬಿಸಿ. ಮೊದಲೇ ನನಗೆ ಮೂಗಿನ ತುದಿಯಲ್ಲಿ ಸಿಟ್ಟು.

"ಎರಡು ವರ್ಷ ಹಾಳು ಮಾಡಿದಿ! ನಿನಗೇನ್ ತಿಳೀತೈತಿ ಅಂತ ಕೈ ಹಾಕ್ದಿ?"

"ತಪ್ಪಾತವ್ವ" ಅಂದಳು. ಆಮೇಲೆ ನಾನು ಊರಲ್ಲಿದ್ದಷ್ಟು ದಿನ ನನ್ನ ಯಾವ ಸಾಮಾನನ್ನೂ ಅವಳು ಮುಟ್ಟಲಿಲ್ಲ. ಹೊರಡುವಾಗ ರೊಟ್ಟಿ ಗಂಟು ಕೊಟ್ಟಳು. ಮುಖ ನೋಡದೆ ಇಸಿದುಕೊಂಡೆ.

ಧಾರವಾಡದಲ್ಲಿ ಪರೀಕ್ಷಿಸಿದರೆ, ಎರಡು ಟ್ಯೂಬುಗಳಲ್ಲಿ ಯೀಸ್ಟ್ ಕೋಶಗಳೆಲ್ಲ ಸತ್ತಿದ್ದವು. ಮೂರನೆಯದರಲ್ಲಿ ಕೆಲವು ಬದುಕಿದ್ದವು. ಬೇಕೆಂದೇ ಬಿಸಿಯಲ್ಲಿಟ್ಟರೂ ಬೆಳೆದವು. ನಾಲ್ಕೈದು ತಿಂಗಳು ತಡಕಾಡಿದ ಮೇಲೆ ವಿಷಯ ತಿಳಿಯಿತು.

"ಕೆಟ್ಟ ಜೀನ್ ಹಾಗೇ ಇದೆ. ಅದರ ಕೊರತೆ ತುಂಬಲು ಇನ್ನೊಂದು ಜೀನ್ ಬದಲಾಗಿದೆ" ಅಂದರು ನನ್ನ ಗೈಡ್. "ಅಂದರೆ ಇವೆರಡೂ ಜೊತೆಗೂಡಿ ಕೆಲಸ ಮಾಡುತ್ತವೆ! ಬಿಸಿಗೆ ಇಡಬೇಕೆಂದು ಯಾರಿಗೆ ಹೊಳೆಯಿತಮ್ಮ?"

"ಅಕಸ್ಮಾತ್ ಆಯ್ತು ಸರ್" ಅಂದೆ. ಒಲೆ, ಕೌದಿ ಅನ್ನಲು ನಾಚಿಕೆಯಾಯಿತು. ಪ್ರಬಂಧದಲ್ಲೂ ಹಾಗೆಯೇ ಬರೆದೆ.

ಡಾಕ್ಟರೇಟ್ ಬಂದ ಮೇಲೆ ಆ ದಪ್ಪ ಪುಸ್ತಕವನ್ನು ಮನೆಗೆ ಒಯ್ದೆ. ಅವ್ವನಿಗೆ ನಡೆದದ್ದೆಲ್ಲ ಹೇಳಿದೆ. ಸೆರಗಿಗೆ ಕೈ ಒರೆಸಿಕೊಂಡು ಹಾಳೆ ತಿರುವಿದಳು. ಎಲ್ಲ ಇಂಗ್ಲಿಷು.

"ಇದ್ರಾಗ ನಾ ಇಟ್ಟಿದ್ದು ಬರ್ದೀಯೇನು?"

"ಬರ್ದೀನಿ ಅವ್ವ" ಅಂದುಬಿಟ್ಟೆ.

ಓಣಿಯವರಿಗೆಲ್ಲ ಹೇಳಿಕೊಂಡು ಬಂದಳು. ಈಗಲೂ ಯಾರಾದರೂ ನನ್ನ ಸಂಶೋಧನೆಯನ್ನು ಹೊಗಳಿದರೆ ಮೈಯೆಲ್ಲ ಮುದುಡಿದಂತಾಗುತ್ತದೆ.

ಅದು ಅಕಸ್ಮಾತ್ ಆದದ್ದಲ್ಲ, ನಮ್ಮವ್ವ ನನಗೆ ಒಳ್ಳೆಯದಾಗಲಿ ಎಂದು ಮಾಡಿದ್ದು. ಅವಳು ಕನ್ನಡವನ್ನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ. ಅದಕ್ಕೇ ಇಲ್ಲಿ ಬರೆದಿದ್ದೇನೆ. ಓದಿ ಬೈಯಲಿ.