ಹಸಿರು ಒಡಲಿಗೆ ಶಾರವ್ವನ ಕೊಂಡಿ

ಇಳಕಲ್ಲಿನ ಕೋಳಿ ಇನ್ನೂ ಕೂಗಿಲ್ಲ, ಶಾರವ್ವ ಆಗಲೇ ನೇಕಾರ ನೀಲಪ್ಪನ ಮಗ್ಗದ ಮುಂದೆ ಕೂತಿದ್ದಾಳೆ. ಅವಳ ಬೆರಳು ಎಷ್ಟು ಚುರುಕೆಂದರೆ, ಕೈಮೇಲೆ ಕೂತ ನೊಣ ಹಾರುವುದರೊಳಗೆ ಅದರ ಕಾಲಿಗೂ ಒಂದು ಗಂಟು ಬಿದ್ದಿರುತ್ತದೆ ಎನ್ನುತ್ತಾರೆ ಓಣಿಯವರು. ನೊಣವೇ ಬಂದು ಸಾಕ್ಷಿ ಹೇಳಿಲ್ಲ, ಅಷ್ಟೇ.

ಮನೆ ಮನೆಗೆ ಹೋಗಿ ಸೀರೆಯ ಒಡಲಿಗೆ ಸೆರಗು ಜೋಡಿಸುವುದು ಅವಳ ಕೆಲಸ. ಒಡಲಿನ ಹತ್ತಿ ಒಂದು ಮನೆಯಲ್ಲಿ ಬಣ್ಣ ಕುಡಿಯುತ್ತದೆ, ಸೆರಗಿನ ಕೆಂಪು ರೇಷ್ಮೆ ಇನ್ನೊಂದು ಓಣಿಯಿಂದ ಬರುತ್ತದೆ. ನೇಯುವ ಮೊದಲೇ ಎರಡೂ ಹಾಸುಗಳ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿಯುವ ನೂಲುಗಳ, ಎಳೆಗೆ ಎಳೆ ಕೊಂಡಿ ಹಾಕಬೇಕು. ಸೀರೆಗೆ ಸಾವಿರಾರು ಕೊಂಡಿ. ಗಂಡ ತೀರಿದ ಮೇಲೆ ಮಗ್ಗ ಮಾರಿದ ಶಾರವ್ವನಿಗೆ ಉಳಿದದ್ದು ಈ ಬೆರಳುಗಳೇ. ದಿನಕ್ಕೆ ಎರಡು ಸೀರೆ, ಕಣ್ಣು ಮಾತು ಕೇಳಿದ ದಿನ ಮೂರು.

ಇವತ್ತು ನೀಲಪ್ಪನ ಮುಖ ಬಾಡಿದೆ. ಬರುವ ವಾರ ನವನಗರದಲ್ಲಿ ಬಸುರಿ ಮಗಳು ಸಪ್ನಾಳ ಕುಬಸ. ತವರಿನ ಹಸಿರು ಸೀರೆ ತಾನೇ ನೇಯ್ದು ತರುವೆನೆಂದು ಬೀಗರ ಮುಂದೆ ಮೀಸೆ ತಿರುವಿದ್ದಾನೆ. ಆದರೆ ತಿಂಗಳುಗಟ್ಟಲೆ ಕಪ್ಪು ಚಂದ್ರಕಾಳಿ ಸೀರೆ ನೇಯ್ದ ಕೈ, ರೂಢಿಯಂತೆ ಕಪ್ಪು ಹಾಸನ್ನೇ ಏರಿಸಿದೆ. ಯಾರ ಸೀರೆಯೆಂದು ತಿಳಿಯದ ಶಾರವ್ವ ನಿನ್ನೆ ಅದಕ್ಕೇ ಸೆರಗು ಕೂಡಿಸಿ ಹೋಗಿದ್ದಾಳೆ. ಸಂಜೆ ಕಸ ಗುಡಿಸಲು ಬಂದ ಹೆಂಡತಿ ಸುಮಾ ನೋಡಿ ಎದೆ ಬಡಿದುಕೊಂಡು, ಶಾರವ್ವನಿಗೆ ಹೇಳಿಕಳಿಸಿದ್ದಾಳೆ. ಬಸುರಿಗೆ ಕಪ್ಪು ಸೀರೆ ಒಯ್ಯುವುದುಂಟೇ? ಕತ್ತರಿಸಿ ಹೊಸದಾಗಿ ಶುರು ಮಾಡೋಣವೆಂದರೆ, ಸೆರಗಿಗೆ ಹೊಸ ಕೆಂಪು ರೇಷ್ಮೆ ಬರುವುದು ಕುಬಸ ಮುಗಿದ ಮೇಲೆ.

"ಕತ್ತರಿ ಒಳಗ ಇಡೋ ನೀಲಪ್ಪ," ಎನ್ನುತ್ತಾಳೆ ಶಾರವ್ವ. "ಸೆರಗಿಗೇನ ಆಗೇತಿ? ತಪ್ಪಿದ್ದು ಒಡಲು. ಅದನ್ನಷ್ಟ ಬಿಚ್ಚತೇನಿ."

ಬಣ್ಣದ ಮನೆಯ ಅಲೀಮಾ, ನೆರೆಯ ನೇಕಾರ ಬಾಬಣ್ಣನಿಗೆಂದು ಇಟ್ಟಿದ್ದ ಹಸಿರು ಹಾಸನ್ನು ಹೊತ್ತು ತರುತ್ತಾಳೆ. ಈ ಓಣಿಗಳ ಮಗ್ಗಗಳಿಗೆ ಎಳೆಗಳ ಲೆಕ್ಕ ಒಂದೇ; ಯಾರ ಒಡಲಿಗೂ ಯಾರ ಸೆರಗೂ ಕೂಡುತ್ತದೆ. ಅಂಗಡಿಗೆ ನೇಯುವ ಬಾಬಣ್ಣ, ತನಗೆ ಕಪ್ಪಾದರೂ ನಡೆದೀತೆಂದು ಬಿಚ್ಚಿದ ಹಾಸನ್ನು ಒಯ್ಯುತ್ತಾನೆ.

"ನಿಮ್ಮ ಯಜಮಾನ್ರಿಗೆ ನವನಗರದ ಬಸ್ಸಿನ ಬಣ್ಣಾನೂ ಹೇಳಿ ಹತ್ತಸ್ರಿ, ಸುಮಕ್ಕ," ಎಂದು ಅಲೀಮಾ ಕಾಲೆಳೆಯುತ್ತಾಳೆ.

ಬಿಸಿಲು ಹೊಸ್ತಿಲಿಗೆ ಬರುವಷ್ಟರಲ್ಲಿ ಕೊನೆಯ ಕೊಂಡಿ ಬೀಳುತ್ತದೆ. ನೀಲಪ್ಪ ಹಾಸನ್ನು ಬಿಗಿಯುತ್ತಾನೆ. ಒಂದು ಎಳೆಯೂ ಜಾರುವುದಿಲ್ಲ. ಲಾಳಿ ಓಡುತ್ತದೆ, ಹಸಿರು ಬೆಳೆಯತೊಡಗುತ್ತದೆ. ಕುಬಸಕ್ಕೆ ಬರಲೇಬೇಕೆಂದು ಸುಮಾ ಕರೆದರೆ, ಶಾರವ್ವ ಬೆರಳ ಲಟಿಕೆ ಮುರಿಯುತ್ತ ನಗುತ್ತಾಳೆ.

"ಬರ್ತೇನವಾ. ಎಲ್ಲಾರೂ ಆರತಿ ಮಾಡೂ ಮುಂದ ನಾ ಹಿಂದ ನಿಂತು ಸೆರಗ ಸ್ವಲ್ಪ ಜಗ್ಗಿ ನೋಡ್ತೇನಿ. ಗಟ್ಟಿ ಇದ್ರ ಒಂದ ಹೋಳಗಿ ಹೆಚ್ಚಿಗಿ ಹಾಕು."