ಅಕ್ಕ ಮಾತ್ರೆ ನುಂಗಿದ್ದು

ನಾನು ತಿಪಟೂರಿನ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಲು ಸೇರಿದ ಎರಡನೇ ವರ್ಷ ಅಕ್ಕನ ಬೆರಳ ಗೆಣ್ಣುಗಳು ಊದಿಕೊಂಡವು. ಕೆನ್ನೆ ಕೆಂಪಾಯಿತು, ಜ್ವರ ಬಿಡಲಿಲ್ಲ. ತುಮಕೂರಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, "ನಿಮ್ಮ ಮೈಯೇ ನಿಮ್ಮ ಮೇಲೆ ತಿರುಗಿ ಬಿದ್ದಿದೆಯಮ್ಮ" ಎಂದು ಮಾತ್ರೆ ಬರೆದುಕೊಟ್ಟರು. ಆ ಮಾತಿಗೆ ನನಗೆ ಅವರ ಮೇಲೆ ಇವತ್ತಿಗೂ ಸಿಟ್ಟಿದೆ. ಅಕ್ಕ ಮಾತ್ರೆ ಮುಟ್ಟಲಿಲ್ಲ. ಕಾಯಿಲೆ ಕಿಡ್ನಿಗೆ ಇಳಿದರೆ ಅವಳು ನಮಗೆ ದಕ್ಕುವುದಿಲ್ಲ ಎಂದು ಓದಿದ್ದ ನನಗೆ ಜೀವವೇ ಹಾರಿಹೋಗಿತ್ತು.

"ನನ್ ಮೈಗೇ ನಾನು ಬ್ಯಾಡವಾದ್ಮೇಲೆ ಮಾತ್ರೆ ಏನ್ ಮಾಡ್ತದೆ, ಬುಡು" ಎಂದಳು.

ನಮ್ಮೂರು ಕಂದಿಕೆರೆಯ ಮನೆಯ ಜಗಲಿಯಲ್ಲೇ ಪಾಠ ಶುರುಮಾಡಿದೆ. ಡಿಎನ್‌ಎ ಇರಬೇಕಾದ್ದು ಜೀವಕೋಶದ ನಡುವಿನ ಕೇಂದ್ರದೊಳಗೆ. ಬೇರೆ ಕಡೆ ಕಂಡರೆ, ಯಾವುದೋ ರೋಗಾಣು ನುಗ್ಗಿತೆಂದು ಕೋಶ ಕೂಗೆಬ್ಬಿಸುತ್ತದೆ. ಜ್ವರ, ಊತ ಎಲ್ಲ ಆ ಕೂಗಿನಿಂದಲೇ. ಅಕ್ಕ ಆಕಳಿಸಿದಳು. ಎಂಎಸ್ಸಿ ಓದಿದ ಜಂಬ ಅಲ್ಲೇ ಇಳಿಯಿತು.

ಆಮೇಲೆ ಅಟ್ಟದ ಕಥೆ ತೆಗೆದೆ. ನಮ್ಮಲ್ಲಿ ತೆಂಗಿನಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿ ಕೊಬ್ಬರಿಯಾಗಬೇಕು. ಅಲ್ಲಾಡಿಸಿದರೆ ಒಳಗಿನ ಉಂಡೆ ಲೊಡಲೊಡ ಅನ್ನಬೇಕು. ಅಷ್ಟು ದಿನವಾದ ಮೇಲೂ ನೀರಿನ ಸದ್ದು ಬಂದರೆ ಕಾಯಿ ಕೆಟ್ಟಿದೆ ಎಂದೇ ಲೆಕ್ಕ. ಈ ಸದ್ದು ಹಿಡಿಯುವುದರಲ್ಲಿ ಅಕ್ಕನನ್ನು ಮೀರಿಸಿದವರಿಲ್ಲ. ಒಂದು ಸಲ ಅಪ್ಪ ಯಾರಿಗೂ ಹೇಳದೆ ಹಳೇ ರಾಶಿಯ ಮೇಲೆ ಹೊಸ ಕಾಯಿ ಸುರಿದಿದ್ದರು. ಅಕ್ಕ ನೀರಿನ ಸದ್ದು ಕೇಳಿದ್ದೇ ತಡ, ಒಂದು ಚೀಲದಷ್ಟು ಒಳ್ಳೇ ಕಾಯಿಯನ್ನು ತಿಪ್ಪೆಗೆ ಎಸೆದು, ಕೈ ತೊಳೆದುಕೊಂಡು ಬಂದಿದ್ದಳು.

"ಆ ಕಾಯಿ ಕೆಟ್ಟಿತ್ತೇನಕ್ಕ?" ಎಂದು ಕೇಳಿದೆ.

"ಇಲ್ಲ ಕಣೇ. ಇರಬಾರದ ಜಾಗದಲ್ಲಿತ್ತು."

"ನಿನ್ ಕಿವಿ ಕೆಟ್ಟಿತ್ತಾ?"

"ನನ್ ಕಿವಿಗೇನ್ ಬಂದಿತ್ತೇ ರೋಗ!" ಎಂದು ರೇಗಿದಳು.

"ಇದೂ ಹಂಗೇ ಕಣಕ್ಕ. ಸತ್ತ ಕೋಶದ ಚೂರನ್ನ ಮೈ ಸರಿಯಾಗಿ ಗುಡಿಸಿ ಹಾಕ್ದೆ, ನಿನ್ ಡಿಎನ್‌ಎನೇ ಇರಬಾರದ ಕಡೆ ಸೇರ್ಕೊಂಡೈತೆ. ನಿನ್ ಕೋಶಗಳು ಅದನ್ನ ರೋಗಾಣು ಅಂದ್ಕೊಂಡು ಕೂಗ್ತಾ ಅವೆ. ಮಾತ್ರೆ ಆ ಕೂಗು ತಗ್ಗಿಸ್ತದೆ, ಅಷ್ಟೇ."

ಅಕ್ಕ ಊದಿದ ಬೆರಳುಗಳನ್ನು ಬಹಳ ಹೊತ್ತು ನೋಡಿದಳು. ಅವಳ ಕಣ್ಣು ತುಂಬಿದ್ದನ್ನು ಆ ಕಾಯಿಲೆಯಲ್ಲಿ ನಾನು ಮೊದಲ ಸಲ ಕಂಡೆ.

"ಪಾಪ, ನನ್ನ ಉಳಿಸಾಕೆ ಅಂತ್ಲೇ ಒದ್ದಾಡ್ತಾ ಅವಲ್ಲೇ" ಎಂದು ಮಾತ್ರೆಯ ಪಟ್ಟಿ ಕೈಗೆತ್ತಿಕೊಂಡಳು. ಬೆರಳು ಬಗ್ಗಲಿಲ್ಲ. ನಾನು ಬಿಡಿಸಿಕೊಟ್ಟೆ. ನೀರು ತರುವಷ್ಟರಲ್ಲಿ ನುಂಗಿಬಿಟ್ಟಿದ್ದಳು.