ಒಂದು ಗೇಣಿಗೆ ಒಂದು ಬೆರಳು

ಇವತ್ತು ಗಂಗಾವತಿಯಲ್ಲಿ ಗ್ಯಾರೇಜೊಂದರ ಮುಂದೆ ಹೋಗುವಾಗ ಹಸಿ ಬಣ್ಣದ ವಾಸನೆ ಬಡಿಯಿತು. ನಮ್ಮ ತಗಡಿನ ಲಾರಿ ನೆನಪಾಯಿತು.

ಅಪ್ಪ ಅಕ್ಕಿ ಗಿರಣಿಯ ಹಳೆಯ ಲಾರಿ ಓಡಿಸುತ್ತಿದ್ದ. ನಾನೂ ಬರುತ್ತೇನೆಂದರೆ ಪ್ರತಿಸಲವೂ ಒಂದೇ ಉತ್ತರ: "ಮುಂದ ಜಾಗ ಇಲ್ಲವ್ವಾ." ಆ ಲಾರಿ ಗುಜರಿಗೆ ಹೋಗುತ್ತದೆಂದು ಗೊತ್ತಾದಾಗ ಅದರಂಥದ್ದೇ ಚಿಕ್ಕ ಲಾರಿ ಮಾಡಲು ಕೂತ. ಎಣ್ಣೆ ಡಬ್ಬಿಯ ತಗಡು, ಹಳೆ ಹವಾಯಿ ಚಪ್ಪಲಿ ಕತ್ತರಿಸಿದ ಗಾಲಿಗಳು. ಹಿಂಬಾಗಿಲಿನ ಸರಪಳಿಗೆ ನನ್ನ ಹರಿದ ಕಾಲ್ಗೆಜ್ಜೆ. ಬಳಿಯಲು ಗ್ಯಾರೇಜಿನಲ್ಲಿ ಉಳಿದ ಬಣ್ಣ.

ಅಳತೆ ಸರಳವಾಗಿತ್ತು. ದೊಡ್ಡ ಲಾರಿಯ ಒಂದು ಗೇಣಿಗೆ ತಗಡಿನಲ್ಲಿ ಅಪ್ಪನ ಒಂದು ಬೆರಳಗಲ. ಹಿಂದಿನ ಬಾಡಿಯನ್ನು ಅಪ್ಪ ಅಳೆದ, ಮುಂದಿನ ಕ್ಯಾಬಿನ್ನನ್ನು ನಾನು ಅಳೆದೆ.

ಜೋಡಿಸಿದಾಗ ಕ್ಯಾಬಿನ್ನು ಬಾಡಿಗಿಂತ ಅಗಲವಾಗಿತ್ತು. ನನ್ನ ಗೇಣು ಚಿಕ್ಕದು, ಎಣಿಕೆ ಹೆಚ್ಚಾಗುತ್ತದೆಂಬುದು ಇಬ್ಬರಿಗೂ ಹೊಳೆದಿರಲಿಲ್ಲ. ಮತ್ತೆ ಅಳೆಯೋಣವೆಂದರೆ ಲಾರಿ ಆಗಲೇ ಗುಜರಿ ಸೇರಿತ್ತು.

ಅಪ್ಪ ತಗಡಿನ ಲಾರಿಯನ್ನು ಅತ್ತಿತ್ತ ತಿರುಗಿಸಿ ನೋಡಿದ. "ಇರ್ಲಿ ಬಿಡು, ಈಗ ನಿನಗೂ ಜಾಗ ಆತು" ಅಂದ.

ಆ ಚಿಕ್ಕ ಲಾರಿ ಈಗ ನನ್ನ ಮನೆಯಲ್ಲಿ ಟಿವಿಯ ಪಕ್ಕದಲ್ಲಿದೆ. ಮುಂಭಾಗ ಯಾಕಿಷ್ಟು ದೊಡ್ಡದೆಂದು ಬಂದವರು ಕೇಳುತ್ತಾರೆ. ಅಳತೆ ತಪ್ಪಿದೆ ಎಂದಷ್ಟೇ ಹೇಳುತ್ತೇನೆ.